ಕಪ್ಪು ಆನೆಯ ನಾಲ್ಕನೇ ಮನೆ

“ಈ ಆನೆ ಇಲ್ಲಿ ಇರೋಕೆ ಸಾಧ್ಯವೇ ಇಲ್ಲ ಮೇಡಂ.”

ಆರಾಧನಾ ಕಾಯಿಯನ್ನು ಮುಟ್ಟಲಿಲ್ಲ. ಅವಳ ಬೆರಳು ಕಪ್ಪು ಆನೆಯ ಮೇಲೆ ತಾಗಿಯೂ ತಾಗದ ಹಾಗೆ ನಿಂತಿತ್ತು.

ರಂಜಿನಿ ಬೋರ್ಡಿನ ಕಡೆ ನೋಡಲಿಲ್ಲ, ಹುಡುಗಿಯ ಮುಖವನ್ನು ನೋಡಿದಳು. ಓಕಳಿಪುರದಿಂದ ಗವಿಪುರದ ಈ ಮನೆಗೆ ಅವಳನ್ನು ಕರೆದುಕೊಂಡು ಬಂದದ್ದೇ ಅದಕ್ಕೆ. ದೊರೆಸ್ವಾಮಿ ಮೇಷ್ಟ್ರ ಕೋಣೆಗೆ ಕಾಲಿಡುವಾಗ ಆ ಮುಖದಲ್ಲಿ ಏನು ಕಾಣುತ್ತದೆ ಎಂದು ತಿಳಿಯಬೇಕಿತ್ತು. ಏನೂ ಕಾಣಲಿಲ್ಲ. ಹುಡುಗಿ ನೇರವಾಗಿ ಕಿಟಕಿ ಪಕ್ಕದ ಚದುರಂಗದ ಮೇಜಿಗೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಈ ಮಾತು.

ರಾಮನವಮಿಯ ಸಂಗೀತ ಕಛೇರಿಗಳು ನಡೆಯುತ್ತಿದ್ದ ವಾರದಲ್ಲಿ ಒಂದು ಸಂಜೆ, ಮೇಷ್ಟ್ರು ಇದೇ ಮನೆಯ ಮಹಡಿ ಮೆಟ್ಟಿಲಿನ ಬುಡದಲ್ಲಿ ತಲೆಗೆ ಪೆಟ್ಟಾಗಿ ಸತ್ತು ಬಿದ್ದಿದ್ದರು. ವಯಸ್ಸಾದವರು, ಜಾರಿದರು ಎಂದು ನೆಂಟರು, ನೆರೆಯವರು ಎಲ್ಲ ಒಪ್ಪಿಕೊಂಡರು. ಒಪ್ಪದವಳು ಮಗಳು ಕೋಕಿಲಾ ಒಬ್ಬಳೇ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಅವಳು ಚಾಮರಾಜಪೇಟೆಗೆ ಬಂದು, ಪ್ರೆಸ್ಸಿನ ಮೇಲಿನ ರಂಜಿನಿಯ ಪುಟ್ಟ ಪತ್ತೇದಾರಿ ಆಫೀಸಿನಲ್ಲಿ ಕೂತು, ಅಪ್ಪನ ಹತ್ತಿರ ಚದುರಂಗ ಕಲಿಯಲು ಬರುತ್ತಿದ್ದ ಹುಡುಗಿಯ ಹೆಸರು ಹೇಳಿದ್ದಳು. ಆರಾಧನಾ.

ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮಯ್ಯ ದೂರು ಬರೆದುಕೊಳ್ಳಲು ಸೋಮವಾರ ಬನ್ನಿ ಎಂದಿದ್ದರು. ಇವತ್ತು ಶನಿವಾರ. ಆರಾಧನಾಗೆ ಚದುರಂಗದ ಆಟಗಾರ್ತಿ ಎಂದು ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು, ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ದೂರಿನಲ್ಲಿ ಹೆಸರು ಬಂದರೆ ಸಾಕು, ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ, ಕೆಲಸ ಹೋಯಿತು. ಇದು ಹುಡುಗಿಗೂ ಗೊತ್ತಿತ್ತು, ಅವರನ್ನು ಕರೆತಂದು, ಹೊರಗೆ ಹೊಂಗೆ ಮರದ ಕೆಳಗೆ ತನ್ನ ಆಟೋದಲ್ಲೇ ಕೂತಿದ್ದ ಅವಳ ಅಪ್ಪ ಬೈರಯ್ಯನಿಗೂ ಗೊತ್ತಿತ್ತು. ಓಕಳಿಪುರದ ಅವರ ಮನೆ ಬಾಗಿಲಲ್ಲಿ “ಗವಿಪುರ” ಎಂದು ರಂಜಿನಿ ಹೇಳಿದ ಒಂದು ಮಾತು ಬಿಟ್ಟರೆ ದಾರಿಯುದ್ದಕ್ಕೂ ಆಟೋದಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಒಳಗೆ ಬನ್ನಿ ಎಂದು ಕರೆದರೆ ಬೈರಯ್ಯ ತಲೆ ಅಲ್ಲಾಡಿಸಿ, ಬಟ್ಟೆ ತೆಗೆದುಕೊಂಡು ಮುಂದಿನ ಗಾಜು ಒರೆಸತೊಡಗಿದ್ದ.

“ಯಾಕೆ ಸಾಧ್ಯವಿಲ್ಲ?” ರಂಜಿನಿ ಕೇಳಿದಳು.

“ಇಲ್ಲಿಟ್ರೆ ಓರೆಗಿರೋ ಬಿಳಿ ಸಿಪಾಯಿ ಸುಮ್ನೆ ಹೊಡ್ಕೊಂಡು ಹೋಗುತ್ತೆ. ಆನೆ ದಂಡ. ಆಟ ಕಲಿತ ವಾರಕ್ಕೇ ಗೊತ್ತಾಗುವಂಥದ್ದು ಇದು. ಸರ್ ಇಡ್ತಾರಾ?”

ಅಡುಗೆಮನೆಯಲ್ಲಿ ಕೋಕಿಲಾ ಕಾಫಿ ಮಾಡುತ್ತಿದ್ದಳು. ಪಾತ್ರೆಯ ಸದ್ದು ಕೇಳುತ್ತಿತ್ತು. ಆರಾಧನಾಳಿಗೆ ತಾನು ಕಾಫಿ ಕೊಡುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಆಮೇಲೆ ತಾನೇ ಎದ್ದು ಮೂರು ಲೋಟ ತೊಳೆದಿದ್ದಳು.

ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಕೆಳಗೆ ಒಂದು ಪೋಸ್ಟ್‌ಕಾರ್ಡ್ ಇತ್ತು. ಅಂಚೆಗೆ ಹಾಕದೆ ಉಳಿದದ್ದು. ಮೇಷ್ಟ್ರೂ ತುಮಕೂರಿನ ಅವರ ಗೆಳೆಯ ಶೀನಣ್ಣನೂ ಅಂಚೆಯಲ್ಲಿ ಆಟ ಆಡುತ್ತಿದ್ದರು, ಒಂದು ಕಾರ್ಡಿಗೆ ಒಂದು ನಡೆ. ಬರೆಯುವುದೂ ಕನ್ನಡದಲ್ಲೇ. ಕ್ಷೇಮ ಸಮಾಚಾರದ ಎರಡು ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದು ಗುರುತು: ಆ–ರಾ ೪.

“ಆನೆ, ರಾಜನ ಸಾಲಿನ ನಾಲ್ಕನೇ ಮನೆಗೆ,” ಎಂದಳು ಆರಾಧನಾ. “ಸರ್ ಆಡ್ತಿದ್ದದ್ದು ಕಪ್ಪು. ಇದೇ ಅವರ ಕೊನೇ ನಡೆ.”

ರಂಜಿನಿ ರಾಜನ ಸಾಲನ್ನು ಬಿಳಿಯ ಕಡೆಯಿಂದ ಬೆರಳಿಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಕಪ್ಪು ಆನೆ ಸರಿಯಾಗಿ ಅಲ್ಲೇ ನಿಂತಿತ್ತು.

“ನಾಲ್ಕನೇ ಮನೇಲೇ ಇದೆಯಲ್ಲಮ್ಮ.”

“ನೀವು ಎಣಿಸಿದ್ದು ಬಿಳಿ ಕಡೆಯಿಂದ.”

ಹುಡುಗಿ ಈಗ ಮೊದಲ ಸಲ ಕುರ್ಚಿ ಎಳೆದು ಕೂತಳು. ಹೇಳಿಕೊಡುವಾಗ ಅವಳ ದನಿಯೇ ಬೇರೆಯಾಯಿತು, ಯಾರೋ ದೊಡ್ಡವರ ದನಿ ಎರವಲು ತಂದ ಹಾಗೆ.

“ಬರೆಯೋಕೆ ಎರಡು ಕ್ರಮ ಇದೆ ಮೇಡಂ. ನಾವು ಟೂರ್ನಮೆಂಟಲ್ಲಿ ಬರೆಯೋದು ಹೊಸ ಕ್ರಮ. ಪ್ರತಿ ಮನೆಗೂ ಒಂದೇ ಹೆಸರು. ಬಿಳಿ ಆಡೋರಾಗ್ಲಿ ಕಪ್ಪು ಆಡೋರಾಗ್ಲಿ, ಎಣಿಸೋದು ಬಿಳಿ ಕಡೆಯಿಂದ್ಲೇ. ಸರ್ ಅವರದ್ದು ಹಳೇ ಕ್ರಮ. ಅದರಲ್ಲಿ ಅವರವರು ಅವರವರ ಕಡೆಯಿಂದ ಎಣಿಸ್ಬೇಕು. ಹಾಗಾಗಿ ಪ್ರತಿ ಮನೆಗೂ ಎರಡೆರಡು ಹೆಸರು. ಪರದೇಶದವರ ಜೊತೆ ಅಂಚೇಲಿ ಆಡೋರು ಅಕ್ಷರ ಬಿಟ್ಟು ಬರೀ ಅಂಕಿ ಬರೀತಾರೆ, ಅದು ಮೂರನೇದು. ಅದು ಬಿಡಿ.”

“ಎರಡು ಹೆಸರು ಅಂದರೆ?”

“ಎಂಟು ಮನೆ ಇರೋ ಒಂದು ರಸ್ತೆ ಅಂದ್ಕೊಳಿ. ಆಶ್ರಮದ ಕಡೆಯಿಂದ ಬರೋರಿಗೆ ಯಾವುದು ನಾಲ್ಕನೇ ಮನೆಯೋ, ಗವಿ ದೇವಸ್ಥಾನದ ಕಡೆಯಿಂದ ಬರೋರಿಗೆ ಅದು ಐದನೇದು. ಮನೆ ಒಂದೇ. ಸರ್ ನಂಗೆ ಹಾಗೇ ಹೇಳ್ಕೊಟ್ಟಿದ್ದು.”

ಅವಳು ಎದುರು ಬದಿಯಿಂದ, ಮೇಷ್ಟ್ರು ಕೂರುತ್ತಿದ್ದ ಗೋಡೆಯ ಕಡೆಯಿಂದ ಎಣಿಸಿ ತೋರಿಸಿದಳು. ನಾಲ್ಕನೇ ಮನೆ ಖಾಲಿ ಇತ್ತು. ಆನೆ ಅದರಾಚೆಯ ಮನೆಯಲ್ಲಿ, ಬಿಳಿ ಸಿಪಾಯಿಯ ಬಾಯಿಯಲ್ಲಿ ನಿಂತಿತ್ತು.

ರಂಜಿನಿಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ. ಸಿವಿಲ್ ಕೋರ್ಟಿನಲ್ಲಿ ಬಹಳ ವರ್ಷ ಅವಳು ಶೀಘ್ರಲಿಪಿಗಾರ್ತಿಯಾಗಿದ್ದಳು. ವಾದಿ ಹೇಳಿದ್ದನ್ನೂ ಬರೆದುಕೊಂಡಳು, ಪ್ರತಿವಾದಿ ಹೇಳಿದ್ದನ್ನೂ ಬರೆದುಕೊಂಡಳು. ಒಂದೇ ಮನೆ, ಒಂದೇ ಗೋಡೆ, ಎರಡು ಬೇರೆ ಲೆಕ್ಕ. ನಿನಗೇನನ್ನಿಸುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳುವವರಿಲ್ಲದೆ ಒಳಗೇ ಸೇರುತ್ತ ಹೋದ ಅನಿಸಿಕೆಗಳೇ ಕೊನೆಗೆ ಅವಳನ್ನು ಈ ಕೆಲಸಕ್ಕೆ ತಂದಿದ್ದವು.

ಈಗಲೂ ಒಂದು ಅನಿಸಿಕೆ ಎದ್ದಿತು. ಒಳ್ಳೆಯದಲ್ಲ.

“ಅಂದರೆ ಈ ಬೋರ್ಡನ್ನು ಯಾರೋ ಮತ್ತೆ ಜೋಡಿಸಿದಾರೆ,” ಎಂದಳು ನಿಧಾನವಾಗಿ. “ಇಲ್ಲಿ ಜಗಳ ಆಗಿದೆ, ಕಾಯಿ ಬಿದ್ದಿವೆ. ಎಲ್ಲ ಎಲ್ಲಿದ್ದವೋ ಅಲ್ಲಿಟ್ಟರೆ ಈ ಕೋಣೇಲಿ ಏನೂ ಆಗಿಲ್ಲ ಅಂತ ಕಾಣುತ್ತೆ. ಕೊನೇ ನಡೆ ಮಾತ್ರ ನೆನಪಿರಲಿಲ್ಲ, ಕಾರ್ಡ್ ನೋಡಿ ಇಟ್ಟರು. ಬಿಳಿ ಕಡೆಯಿಂದ ಎಣಿಸಿ.”

“ಹೂಂ.”

“ಬಿಳಿ ಕಡೆಯಿಂದ ಎಣಿಸೋದು ಹೊಸ ಕ್ರಮದವರು ಅಂದೆ. ಈ ಮನೆಗೆ ಬರ್ತಿದ್ದವರಲ್ಲಿ ಹೊಸ ಕ್ರಮದಲ್ಲಿ ಬರೆಯೋದು ಯಾರು?”

ಆರಾಧನಾ ಅವಳನ್ನೇ ನೋಡಿದಳು. ಗಾಬರಿಯಾಗಲಿಲ್ಲ. ಗಾಬರಿಯಾಗಿದ್ದರೆ ರಂಜಿನಿಗೆ ಸಮಾಧಾನವಾಗುತ್ತಿತ್ತೇನೋ.

“ನಾನೊಬ್ಳೇ,” ಎಂದಳು.

“ಆ ಸಂಜೆ ಮೂಲೇಲಿ ಒಂದು ಆಟೋ ನಿಂತಿತ್ತು ಅಂತ ಎದುರುಮನೆಯವರು ಹೇಳ್ತಾರೆ.”

“ಬೆಂಗಳೂರಲ್ಲಿ ಆಟೋ ನಿಲ್ಲದಿರೋ ಮೂಲೆ ಯಾವುದಿದೆ? ನಾನು ಬರೋದು ಬಸ್ಸಲ್ಲಿ. ಬೆಳಿಗ್ಗೆ ಹೊತ್ತು ಮಾತ್ರ. ನಮ್ಮಪ್ಪಂಗೆ ಈ ಮನೆ ಎಲ್ಲಿದೆ ಅಂತ್ಲೂ ಗೊತ್ತಿಲ್ಲ, ಬಂದಿದ್ದೇ ಇವತ್ತು.” ಮತ್ತೆ ಸೇರಿಸಿದಳು, “ಬಾ ಅಂತ ಸರ್ ಎಷ್ಟು ಸಲ ಹೇಳಿ ಕಳಿಸಿದ್ರು. ಬರ್ಲಿಲ್ಲ.”

ಅದರ ಹಿಂದಿನ ಕತೆ ರಂಜಿನಿ ಓಕಳಿಪುರದಲ್ಲೇ ಕೇಳಿದ್ದಳು. ರೈಲು ಹಳಿಯ ಪಕ್ಕದ ಆ ಎರಡು ಕೋಣೆಯ ಮನೆಯಲ್ಲಿ ಹುಡುಗಿಯ ತಾಯಿ ಹನುಮಕ್ಕ ಒಂದನ್ನೂ ಮುಚ್ಚಿಡದೆ ಹೇಳಿದ್ದಳು. ರೈಲ್ವೆ ಕೆಲಸಕ್ಕೆ ಸೇರಬೇಡ, ಸೇರಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಇನ್ನು ಐದು ವರ್ಷ ಆಟಕ್ಕೇ ಕೊಡು ಎಂದು ಮೇಷ್ಟ್ರು ಹಟ ಹಿಡಿದಿದ್ದರಂತೆ. ಹುಡುಗಿಯೂ ಹೂಂ ಅನ್ನುವುದರಲ್ಲಿದ್ದಳಂತೆ. ಬೈರಯ್ಯ ಮೂರು ದಿನ ಮಗಳ ಜೊತೆ ಮಾತು ಬಿಟ್ಟಿದ್ದ. ಕೂತು ಉಣ್ಣುವವರ ಮನೆಯ ಬುದ್ಧಿಮಾತು ನಮ್ಮ ಮನೆಗೆ ಯಾಕೆ ಎಂದು ಕೂಗಾಡಿದ್ದ.

“ನಾನಾಗಿದ್ರೆ ಈ ತಪ್ಪು ಮಾಡ್ತಿರ್ಲಿಲ್ಲ ಮೇಡಂ,” ಎಂದಳು ಆರಾಧನಾ. “ಮೂರು ವರ್ಷದಿಂದ ಸರ್ ಕಾರ್ಡೆಲ್ಲ ನೋಡಿ ಹೊಸ ಕ್ರಮಕ್ಕೆ ಬರ್ಕೊಳ್ತಿದ್ದೀನಿ. ಅಷ್ಟೂ ಕಪ್ಪು ನಡೆಗಳೇ.”

“ಗಾಬರೀಲಿ ಯಾರೂ ತಪ್ಪು ಮಾಡಬಹುದು.”

“ಎಣಿಕೇಲಿ ತಪ್ಪಬಹುದು. ಇಟ್ಟ ಮೇಲೆ ಕಣ್ಣಿಗೆ ಕಾಣಲ್ವಾ? ಆಡೋಕೆ ಬರೋರು ಯಾರೇ ಆಗ್ಲಿ, ಆನೆನ ಸಿಪಾಯಿ ಬಾಯಿಗಿಟ್ಟು ಎದ್ದು ಹೋಗಲ್ಲ. ಕೈ ತಾನಾಗೇ ವಾಪಸ್ ಬರುತ್ತೆ.” ಅವಳು ಆನೆಯನ್ನೇ ನೋಡುತ್ತ ಹೇಳಿದಳು. “ಇದನ್ನ ಇಟ್ಟೋರಿಗೆ ಈ ಅಕ್ಷರಗಳು ಗೊತ್ತು, ಸಾಲು ಗೊತ್ತು, ಆಟ ಮರ್ತು ಹೋಗಿದೆ. ಇನ್ನೊಂದು. ಅವರು ಬಿಳಿ ಬಿಟ್ಟು ಬೇರೆ ಆಡಿಲ್ಲ. ಎದುರು ಕಡೆ ಕೂತು ಎಣಿಸೋ ಪ್ರಸಂಗವೇ ಬಂದಿಲ್ಲ.”

ಮಾತು ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು ಎಂಬುದೇ ರಂಜಿನಿಯ ಸಂಶಯ. ಹತ್ತು ನಡೆ ಮುಂದೆ ಯೋಚಿಸಿ ಬದುಕುವ ಹುಡುಗಿ ಇವಳು. ಸಿಕ್ಕಿಬೀಳುವ ಮೊದಲು ತಾನೇ ತಪ್ಪು ತೋರಿಸಿ, ಇನ್ನೊಬ್ಬರ ಕಡೆಗೆ ದಾರಿ ಬಿಡಿಸಿ ಕೊಡುವುದು ಅವಳಿಗೆ ಕಷ್ಟವಲ್ಲ.

“ಆ ಕುರ್ಚಿ ಸ್ವಲ್ಪ ಸರಿಸು,” ಎಂದಳು ರಂಜಿನಿ, ಯೋಚಿಸಲು ಒಂದು ಗಳಿಗೆ ಬೇಕೆಂದು.

ಕಿಟಕಿಯ ಕಡೆಯ, ಅಂದರೆ ಬಿಳಿಯ ಕಡೆಯ ಕುರ್ಚಿ ಹಿಂದೆ ಸರಿಯಿತು. ಆಗ ಅವಳಿಗೆ ಬೋರ್ಡಿನ ಆ ಬದಿಯ ಅಂಚು ಕಾಣಿಸಿತು. ಮರದ ಮೇಲೆ ಎನಾಮಲ್ ಪೇಂಟಿನಲ್ಲಿ ಬರೆದ ಪುಟ್ಟ ಅಕ್ಷರಗಳು. ಅರ್ಧಕ್ಕರ್ಧ ಉದುರಿದ್ದವು, ಆದರೂ ಓದಬಹುದಿತ್ತು. ಆ, ಕು, ಒಂ, ಮಂ, ರಾ, ಒಂ, ಕು, ಆ. ಆನೆ, ಕುದುರೆ, ಒಂಟೆ, ಮಂತ್ರಿ, ರಾಜ. ಎಡಬದಿಯ ಅಂಚಿನಲ್ಲಿ ಒಂದರಿಂದ ಎಂಟರವರೆಗೆ ಅಂಕಿ, ಬಿಳಿಯ ಕಡೆಯಿಂದ ಶುರುವಾದದ್ದು.

ರಂಜಿನಿ ಬಾಗಿ ಎದುರು ಬದಿ ನೋಡಿದಳು. ಅಲ್ಲಿ ಅಕ್ಷರವಿರಲಿಲ್ಲ, ಅಂಕಿಯಿರಲಿಲ್ಲ. ಬರಿಯ ಮರ.

“ಇದು ನಿನಗೆ ಬರೆದುಕೊಟ್ಟದ್ದಾ?”

“ನಾನು ಬರೋ ಮುಂಚೆಯಿಂದ ಇದೆ. ನಂಗೆ ಇದು ಬೇಕಾಗಿರ್ಲಿಲ್ಲ.”

ಮಕ್ಕಳಿಗೆ ಬರೆದುಕೊಡುವಂಥ ಅಕ್ಷರ ಅದು. ಈ ಮನೆಯಲ್ಲಿ ಬೆಳೆದ ಮಗು ಒಂದೇ. ಆ ಮಗು ಚಾಮರಾಜಪೇಟೆಯ ಆಫೀಸಿನಲ್ಲಿ ಕೂತು, ಅಪ್ಪನ ಆಟದ ಗಂಧಗಾಳಿಯೂ ತನಗಿಲ್ಲ, ಆ ಮೇಜನ್ನು ತಾನು ಮುಟ್ಟಿದ್ದೇ ಇಲ್ಲ ಎಂದು ಹೇಳಿತ್ತು.

ಪಾತ್ರೆಯ ಸದ್ದು ನಿಂತಿತು.

ಕೋಕಿಲಾ ತಟ್ಟೆ ಹಿಡಿದು ಬಂದಳು. ನಲವತ್ತನ್ನು ದಾಟಿದ, ತಲೆ ಬಿಗಿಯಾಗಿ ಬಾಚಿದ, ಹೈಸ್ಕೂಲಿನಲ್ಲಿ ಪಾಠ ಮಾಡುವ ಹೆಂಗಸು. ಮೂರು ಲೋಟಗಳಲ್ಲಿ ಒಂದನ್ನು ಆರಾಧನಾಳ ಹತ್ತಿರ ಇಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು, ಬೇಕಿದ್ದರೆ ತೆಗೆದುಕೊಳ್ಳಲಿ ಎಂಬಂತೆ.

“ಏನಾದ್ರೂ ಹೇಳಿದ್ಲಾ?” ಎಂದು ರಂಜಿನಿಯನ್ನು ಕೇಳಿದಳು, ಹುಡುಗಿ ಅಲ್ಲಿ ಇಲ್ಲವೇನೋ ಎಂಬ ಹಾಗೆ.

ರಂಜಿನಿ ಕಪ್ಪು ಆನೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

“ಒಂದು ಸಣ್ಣ ಸಹಾಯ ಮಾಡಿ ಕೋಕಿಲಾ. ನಾನು ಇದನ್ನ ತೆಗೆದುಬಿಟ್ಟೆ. ನಿಮ್ಮ ತಂದೆಯವರು ಕಾರ್ಡಲ್ಲಿ ಎಲ್ಲಿ ಅಂತ ಬರೆದಿದಾರೋ ಅಲ್ಲಿಗೆ ಇಟ್ಟುಬಿಡಿ.”

“ನಂಗೆ ಅದೆಲ್ಲ ಬರಲ್ಲ ಅಂತ ಹೇಳಿದ್ನಲ್ಲ.”

“ರಾಜನ ಸಾಲು, ನಾಲ್ಕನೇ ಮನೆ. ಅಷ್ಟೇ.”

ಲೋಟ ಇಟ್ಟು ಬಂದ ಕೋಕಿಲಾ ಈಗ ನಿಂತಿದ್ದದ್ದು ಗೋಡೆಯ ಕಡೆ, ಅಪ್ಪನ ಕುರ್ಚಿಯ ಪಕ್ಕ. ಅಲ್ಲಿಂದಲೇ ಕೈ ಚಾಚಿದ್ದರೆ ಆಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಆನೆಯನ್ನು ತೆಗೆದುಕೊಂಡು ಮೇಜನ್ನು ಸುತ್ತಿ ಕಿಟಕಿಯ ಕಡೆಗೆ ಬಂದಳು, ಸೆರಗು ಸರಿಮಾಡಿಕೊಂಡು ಬಿಳಿಯ ಕುರ್ಚಿಯಲ್ಲಿ ಕೂತಳು. ‘ರಾ’ ಅಕ್ಷರದ ಮೇಲೆ ಎಡಗೈ ಹೆಬ್ಬೆರಳು ಊರಿದಳು. ಬಲಗೈ ಬೆರಳು ಒಂದೊಂದೇ ಮನೆ ಹತ್ತಿತು.

ನಾಲ್ಕನೆಯದರಲ್ಲಿ ಆನೆ ನಿಂತಿತು. ಬಿಳಿ ಸಿಪಾಯಿಯ ಬಾಯಲ್ಲಿ.

ಕೋಕಿಲಾ ಮೊದಲು ರಂಜಿನಿಯ ಮುಖ ನೋಡಿದಳು, ಆಮೇಲೆ ಆರಾಧನಾಳ ಮುಖ. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದು ಇನ್ನೂ ಆ ಅಕ್ಷರದ ಮೇಲೆಯೇ ಇತ್ತು.

“ಚಿಕ್ಕೋಳಿಗೆ ಬಿಳಿ ಅಂತ ಅಪ್ಪ ಯಾವಾಗ್ಲೂ ಬಿಳೀನೇ ಕೊಡೋರು,” ಎಂದಳು ಕೊನೆಗೆ. ದನಿ ತಣ್ಣಗಿತ್ತು. “ದೊಡ್ಡೋಳಾದ್ಮೇಲೆ ಕಪ್ಪು ಕೊಡ್ತೀನಿ ಅನ್ನೋರು. ಹತ್ತನೇ ಕ್ಲಾಸಿಗೆ ಬಂದಾಗ, ಇನ್ನು ಸಾಕು, ಅಡುಗೆಮನೇಲಿ ಅಮ್ಮನ ಜೊತೆ ಸ್ವಲ್ಪ ನಿಂತ್ಕೊ ಅಂದ್ರು. ಇವಳಿಗೆ ಬಂದ ವಾರವೇ ಎರಡೂ ಕೊಟ್ರು.”

“ಆ ಸಂಜೆ ಬೋರ್ಡ್ ಜೋಡಿಸಿದ್ದು ನೀವು,” ಎಂದಳು ರಂಜಿನಿ.

“ಹೌದು.”

“ಕಛೇರಿ ಮುಗಿಯೋವರೆಗೂ ಪೆಂಡಾಲಲ್ಲೇ ಇದ್ದೆ ಅಂದಿರಿ.”

ಅದು ಸುಳ್ಳು ಎಂದು ಕೋಕಿಲಾ ಒಪ್ಪಿಕೊಂಡಳು. ಹೇಳುತ್ತ ಹೋದಂತೆ ಅವಳು ಕಣ್ಣೆತ್ತಲಿಲ್ಲ. ಅಪ್ಪನಿಗೆ ಮಾತ್ರೆ ಕೊಡಲೆಂದು ಕಛೇರಿಯ ನಡುವೆ ಎದ್ದು ಮನೆಗೆ ನಡೆದುಕೊಂಡು ಬಂದಿದ್ದಳು. ಬಾಗಿಲು ತೆರೆದಿತ್ತು. ಕಾಯಿಗಳು ಅರ್ಧ ನೆಲದಲ್ಲಿ, ಅಪ್ಪ ಕುರ್ಚಿಯಲ್ಲಿ. ಹಣೆಯ ಪಕ್ಕ ಮೇಜಿನ ಮೂಲೆ ತಾಗಿ ಗಾಯವಾಗಿತ್ತು. ಪ್ರಜ್ಞೆ ಇತ್ತು, ಮಾತೂ ಸರಿಯಾಗಿತ್ತು. ಯಾರು ಬಂದಿದ್ದರು ಎಂದು ಅವಳು ಕೇಳಿದರೆ ಕೈ ಬೀಸಿ ಸುಮ್ಮನಾಗಿಸಿದರು. ಡಾಕ್ಟರನ್ನು ಕರೆಯುವುದೂ ಬೇಡವೆಂದರು. ದಿನಾ ಕಣ್ಣೆದುರಿಗಿದ್ದ ಬೋರ್ಡು, ಮಿಕ್ಕದ್ದೆಲ್ಲ ಅವಳ ನೆನಪಿನಲ್ಲೇ ಇತ್ತು. ಆನೆ ಒಂದನ್ನು ಕಾರ್ಡು ನೋಡಿ ಇಟ್ಟಳು. ಅಪ್ಪ ಹಣೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಕಣ್ಣು ಮುಚ್ಚಿದ್ದರು, ಇಲ್ಲದಿದ್ದರೆ ಬಯ್ಯುತ್ತಿದ್ದರು.

“ಆ ಸ್ಥಿತೀಲಿ ಅವರನ್ನ ಬಿಟ್ಟು ವಾಪಸ್ ಕಛೇರಿಗೆ ಹೋದಿರಾ?”

ಕೋಕಿಲಾ ಆ ಅಕ್ಷರದ ಮೇಲಿಂದ ಹೆಬ್ಬೆರಳು ತೆಗೆದಳು.

“ಸಿಟ್ಟಲ್ಲಿ ಹೋದೆ. ಪೆಂಡಾಲ್ ಹೊರಗೆ ಕೂತ್ಕೊಂಡೆ, ಏನು ಹಾಡಿದ್ರೋ ಒಂದೂ ಕಿವಿಗೆ ಬೀಳಲಿಲ್ಲ. ವಾಪಸ್ ಬಂದಾಗ ಅವರು ಮೆಟ್ಟಿಲ ಹತ್ರ…” ಅವಳು ಅಷ್ಟಕ್ಕೇ ನಿಲ್ಲಿಸಿದಳು.

ರಂಜಿನಿ ಅವಳ ಕೈ ಹಿಡಿಯಬೇಕೆಂದುಕೊಂಡಳು, ಹಿಡಿಯಲಿಲ್ಲ. ಈ ಹೆಂಗಸು ಎರಡು ವಾರದಿಂದ ಅಪ್ಪನನ್ನು ಬಿಟ್ಟು ಹೋದ ತಪ್ಪನ್ನು ಸಿಟ್ಟಿನಲ್ಲಿ ಮುಚ್ಚಿಟ್ಟುಕೊಂಡು ಬದುಕಿದ್ದಳು. ಅದನ್ನು ಇನ್ನೊಬ್ಬಳ ತಲೆಗೆ ಕಟ್ಟಿ ಸೋಮವಾರ ಸಹಿ ಹಾಕುವುದರಲ್ಲಿದ್ದಳು. ಅಥವಾ ಈಗ ಹೇಳಿದ್ದರಲ್ಲೂ ಅರ್ಧ ಮಾತ್ರ ನಿಜವೋ. ಗಾಯಗೊಂಡ ಅಪ್ಪ, ಸಿಟ್ಟಿನ ಮಗಳು, ಮನೆಯಲ್ಲಿ ಇಬ್ಬರೇ. ಇದನ್ನು ಲಕ್ಷ್ಮಯ್ಯ ಕೇಳಿದರೆ ಬರೆದುಕೊಳ್ಳುವ ಹೆಸರೇ ಬೇರೆ.

“ಯಾತಕ್ಕೆ ಸಿಟ್ಟು?” ರಂಜಿನಿ ಕೇಳಿದಳು.

“ತಲೆಯಿಂದ ರಕ್ತ ಬರ್ತಿದೆ. ಪಕ್ಕದಲ್ಲಿ ನಿಂತಿರೋಳು ನಾನು. ಆಗಲೂ ಅವರಿಗೆ ಇವಳದ್ದೇ ಚಿಂತೆ.” ಕೋಕಿಲಾ ಮೊದಲ ಸಲ ಆರಾಧನಾಳನ್ನು ನೇರವಾಗಿ ನೋಡಿದಳು. “ಜೋಡಿಸಿಬಿಡು ಕೋಕಿ ಅಂದ್ರು. ಬೆಳಿಗ್ಗೆ ಆರಾಧನಾ ಬರ್ತಾಳೆ. ಯಾರು ಬಂದಿದ್ರು, ಏನಾಯ್ತು ಅಂತ ಅವಳಿಗೆ ಗೊತ್ತಾಗ್ಬಾರ್ದು, ಗೊತ್ತಾದ್ರೆ ಮಗು ಮನೆಗೆ ವಾಪಸ್ ಹೋಗಲ್ಲ ಅಂದ್ರು.”

“ಮನೆಗೆ ಅಂದ್ರೆ?” ಆರಾಧನಾ ಕೇಳಿದಳು.

ಅವಳ ದನಿಯಲ್ಲಿ ಎರವಲು ತಂದದ್ದು ಏನೂ ಉಳಿದಿರಲಿಲ್ಲ. ಕೇಳಿದ ಮರುಗಳಿಗೆಯೇ ಅವಳಿಗೆ ಉತ್ತರ ಗೊತ್ತಾಯಿತೆಂದು ರಂಜಿನಿಗೆ ಕಂಡಿತು. ಹುಡುಗಿಯ ಮುಖ, ಈ ಕೋಣೆಗೆ ಕಾಲಿಟ್ಟಾಗ ಏನೂ ಹೇಳದ ಆ ಮುಖ, ಈಗ ಬಿಳಿಚಿಕೊಂಡು ಕಿಟಕಿಯ ಕಡೆ ತಿರುಗಿತು.

ರಂಜಿನಿಗೂ ಅದೇ ಗಳಿಗೆಯಲ್ಲಿ ನೆನಪಾಯಿತು. ಓಕಳಿಪುರದಿಂದ ಇಲ್ಲಿಯವರೆಗೆ ಆಟೋದಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಎಡಕ್ಕೆ ಎಂದು ಯಾರೂ ಹೇಳಿರಲಿಲ್ಲ, ಬಲಕ್ಕೆ ಎಂದು ಹೇಳಿರಲಿಲ್ಲ, ಇದೇ ಮನೆ ಎಂದೂ ಹೇಳಿರಲಿಲ್ಲ. ಗವಿಪುರದ ಒಂದೇ ಥರದ ಇಷ್ಟೊಂದು ಗೇಟುಗಳಲ್ಲಿ ಬೈರಯ್ಯ ಸರಿಯಾಗಿ ಈ ಗೇಟಿನ ಮುಂದೆ ಬ್ರೇಕು ಹಾಕಿದ್ದ.

ತೆರೆದ ಕಿಟಕಿ. ಅದರ ಕೆಳಗೇ ಹೊಂಗೆ ಮರ. ಕೋಣೆಯಲ್ಲಿ ಆಡಿದ ಮಾತೆಲ್ಲ ಅಲ್ಲಿಗೆ ಕೇಳುವಷ್ಟು ಹತ್ತಿರ.

“ಅಪ್ಪಾ,” ಎಂದಳು ಆರಾಧನಾ, ಮೆಲ್ಲಗೆ, ಕರೆದಳೋ ತನಗೇ ಹೇಳಿಕೊಂಡಳೋ ತಿಳಿಯದ ಹಾಗೆ.

ಹೊರಗೆ ಆಟೋದ ಲಿವರ್ ಎಳೆದ ಸದ್ದಾಯಿತು. ಒಮ್ಮೆ ಹತ್ತಲಿಲ್ಲ. ಎರಡನೆಯ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ಮೂವರು ಹೆಂಗಸರೂ ಬಾಗಿಲಿಗೆ ಬರುವಷ್ಟರಲ್ಲಿ ಹೊಂಗೆ ಮರದ ಕೆಳಗೆ ಗಾಜು ಒರೆಸಿದ ಬಟ್ಟೆಯೊಂದು ಮಾತ್ರ ಬಿದ್ದಿತ್ತು.